ಎಕ್ಸ್‌ರೇ ಕಾಣದ್ದೆಲ್ಲ ಸುಳ್ಳಲ್ಲ

‘ಕೃತಕ ಸೊಂಟದ ಕೀಲಿನ ಎಕ್ಸ್‌ರೇ ಸರಿಯಿದ್ದರೆ ನೋವು ಮನಸ್ಸಿನದು, ಒಳಗೆ ಲೋಹವಿದ್ದರೆ ಎಂಆರ್‌ಐ ಆಗದು’ ಎಂಬ ಕಳೆದ ಸಂಚಿಕೆಯ ವಾದ ಎರಡೂ ಕಡೆ ತಪ್ಪು.

ಮೊದಲ ಹೆಜ್ಜೆ ಎಕ್ಸ್‌ರೇ, ಒಪ್ಪೋಣ. ಹಳೆಯ ಚಿತ್ರದ ಪಕ್ಕ ಇಟ್ಟು ನೋಡಿದರೆ ಕೀಲು ಸಡಿಲಾದದ್ದು ತಿಳಿದೀತು. ಆದರೆ ಮಾಂಸದ ಸಂಕಟ ಅದಕ್ಕೆ ಕಾಣದು. ಕೆಲವು ಕೃತಕ ಕೀಲುಗಳಲ್ಲಿ ಲೋಹಕ್ಕೆ ಲೋಹ ಉಜ್ಜಿ ಉದುರುವ ಕೋಬಾಲ್ಟ್, ಕ್ರೋಮಿಯಂ ಸುತ್ತಲ ಅಂಗಾಂಶವನ್ನು ಕೆಡಿಸಿದರೆ, ಹಿಡಿಯಬಲ್ಲವು ಅಲ್ಟ್ರಾಸೌಂಡ್ ಮತ್ತು ಲೋಹದ ಅಡ್ಡನೆರಳು ತಗ್ಗಿಸುವ ಎಂಆರ್‌ಐ. ಇಂಥ ತೊಂದರೆಗಳ ನಡುವೆಯೇ 2010ರಲ್ಲಿ ಡಿಪ್ಯೂ ಕಂಪನಿ ‘ಎಎಸ್‌ಆರ್’ ಎಂಬ ತನ್ನ ಇಂಥದೇ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಭಾರತದ ರೋಗಿಗಳೂ ನೊಂದರು.

ರನ್ನ ಬೆಳಗಲಿಯ ಕವಿ ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನ ತೊಡೆ ಮುರಿದದ್ದು ಕಣ್ಣಿಗೆ ಕಂಡಿತು. ಕೃತಕ ಕೀಲು ಹೊತ್ತ ಅದೇ ಊರಿನ ಅಜ್ಜಿಯೊಬ್ಬಳ ಸೊಂಟದೊಳಗಿನ ಕೇಡು ಕಾಣದು. ಆಕೆಗೆ ಬೇಕಿರುವುದು ಇನ್ನೊಂದು ಚಿತ್ರ, ಉಪದೇಶವಲ್ಲ.