ಮಾಸ್ಕೋದಲ್ಲಿ ಅಚ್ಚಾದ ಕನ್ನಡ: ಸಚಿತ್ರ ರಷ್ಯನ್ ಅನುವಾದಗಳ ಸಂಗ್ರಹದ ಪ್ರಶ್ನೆ

ಅಪರೂಪದ ಪುಸ್ತಕಗಳೆಂದರೆ ಕನ್ನಡದ ವಿದ್ವತ್ ವಲಯಕ್ಕೆ ಮೊದಲು ನೆನಪಾಗುವುದು ತಾಳೆಗರಿ, ಕಡತ ಮತ್ತು ಹತ್ತೊಂಬತ್ತನೆಯ ಶತಮಾನದ ಅಚ್ಚಿನ ಗ್ರಂಥಗಳು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯದ ಪ್ರಕಟಣೆಗಳು ಸಂಶೋಧನೆಯ ಆಕರಗಳೆಂದು ಸಹಜವಾಗಿಯೇ ಮನ್ನಣೆ ಪಡೆದಿವೆ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಾಸ್ಕೋದಲ್ಲಿ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಿ, ಬಣ್ಣದ ಚಿತ್ರಗಳೊಡನೆ ಕರ್ನಾಟಕಕ್ಕೆ ಬಂದ ರಷ್ಯನ್ ಸಾಹಿತ್ಯದ ಅನುವಾದಗಳನ್ನು ಆ ದೃಷ್ಟಿಯಿಂದ ನೋಡುವ ಪರಿಪಾಠ ಇನ್ನೂ ಬೆಳೆದಿಲ್ಲ. ಈ ಉಪೇಕ್ಷೆ ಮುಂದುವರಿದರೆ ಕನ್ನಡ ಮುದ್ರಣ ಚರಿತ್ರೆಯ ಒಂದು ಅಧ್ಯಾಯವೇ ಆಕರವಿಲ್ಲದೆ ಉಳಿಯುತ್ತದೆ.

ರಷ್ಯನ್ ಸಾಹಿತ್ಯದ ಅನುವಾದಗಳ ಸಂಗ್ರಹ ಪಶ್ಚಿಮದಲ್ಲಿ ಬೇರೆಯೇ ದಾರಿಯಲ್ಲಿ ಬೆಳೆಯಿತು. ಲಂಡನ್ನಿನಲ್ಲಿ ಲಿಯೊನಾರ್ಡ್ ವುಲ್ಫ್ ಮತ್ತು ವರ್ಜೀನಿಯ ವುಲ್ಫ್ ದಂಪತಿಗಳು 1917ರಲ್ಲಿ ಆರಂಭಿಸಿದ ಹೋಗಾರ್ತ್ ಪ್ರೆಸ್ಸು ಗಾರ್ಕಿ, ಬುನಿನ್ ಮೊದಲಾದವರ ಬರಹಗಳನ್ನು ಇಂಗ್ಲಿಷಿಗೆ ತಂದಿತು. ಜಾರ್ಜ್ ಮೇಸಿ 1929ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಲಿಮಿಟೆಡ್ ಎಡಿಷನ್ಸ್ ಕ್ಲಬ್ ಸುಮಾರು 1500 ಚಂದಾದಾರರಿಗಷ್ಟೇ ಪುಸ್ತಕಗಳನ್ನು ಮುದ್ರಿಸುತ್ತಿತ್ತು. ದಾಸ್ತೊಯೆವ್‌ಸ್ಕಿ, ಟಾಲ್‌ಸ್ಟಾಯ್ ಅವರ ಕೃತಿಗಳಿಗೆ ಫ್ರಿಟ್ಸ್ ಐಖೆನ್‌ಬರ್ಗ್ ರಚಿಸಿದ ಚಿತ್ರಗಳು ಸಂಗ್ರಾಹಕರ ಲೋಕದಲ್ಲಿ ಇಂದಿಗೂ ಪ್ರಸಿದ್ಧ. ಇಂಥ ಆವೃತ್ತಿಗಳು ಹುಟ್ಟುವಾಗಲೇ ಅಪರೂಪದವು, ಕಾಪಿಡಲೆಂದೇ ಅಚ್ಚಾದಂಥವು.

ಮಾಸ್ಕೋದ ಪುಸ್ತಕಗಳ ಕತೆ ಇದಕ್ಕೆ ತೀರ ವಿರುದ್ಧವಾದುದು. 1931ರಲ್ಲಿ ವಿದೇಶೀ ಕಾರ್ಮಿಕರ ಪ್ರಕಾಶನ ಸಂಸ್ಥೆಯಾಗಿ ಆರಂಭವಾಗಿ, ಮುಂದೆ ವಿದೇಶೀ ಭಾಷಾ ಪ್ರಕಾಶನಾಲಯವೆನಿಸಿ, 1963ರಲ್ಲಿ ಪ್ರಗತಿ ಪ್ರಕಾಶನವೆಂಬ ಹೆಸರು ಪಡೆದ ಸಂಸ್ಥೆಯೂ, ಸಾಹಿತ್ಯ ಮತ್ತು ಮಕ್ಕಳ ಪುಸ್ತಕಗಳಿಗಾಗಿ 1982ರಲ್ಲಿ ಅದರಿಂದ ಬೇರ್ಪಟ್ಟ ರಾದುಗವೂ ಪ್ರಭುತ್ವದ ಸಂಸ್ಥೆಗಳು. ಅಗ್ಗದ ಬೆಲೆಗೆ ಎಲ್ಲರ ಕೈಗೂ ತಲುಪಬೇಕೆಂಬುದೇ ಅವುಗಳ ಉದ್ದೇಶವಾಗಿತ್ತು. ಕರ್ನಾಟಕದಲ್ಲಿ 1960ರಲ್ಲಿ ಆರಂಭವಾದ ನವಕರ್ನಾಟಕ ಪಬ್ಲಿಕೇಷನ್ಸ್ ಈ ಪುಸ್ತಕಗಳನ್ನು ಓದುಗರಿಗೆ ತಲುಪಿಸಿತು. ಆದರೂ ಇಂದು ಅವು ದುರ್ಲಭ. ಪುಸ್ತಕವೊಂದು ಅಪರೂಪವೆನಿಸುವುದು ಅಚ್ಚಾದ ಪ್ರತಿಗಳ ಸಂಖ್ಯೆಯಿಂದಲ್ಲ, ಉಳಿದ ಪ್ರತಿಗಳ ಸಂಖ್ಯೆಯಿಂದ ಎಂಬ ಸರಳ ಸತ್ಯಕ್ಕೆ ಇವೇ ಸಾಕ್ಷಿ. ಮಕ್ಕಳು ಓದಿ ಹರಿದ ಪುಸ್ತಕಗಳಿವು. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪಾದ ಹಾಳೆಗಳಂತೂ ಶಾಲಾ ಪುಸ್ತಕಗಳಿಗೆ ರಟ್ಟು ಹಾಕಲು ಬಳಕೆಯಾದವು.

ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಹೊರನಾಡು ಪರಿಸರದ ಕಾಫಿ ಸೀಮೆಗೆ ಈ ಪ್ರಶ್ನೆ ವಿಶೇಷವಾಗಿ ಸಂಬಂಧಿಸಿದೆ. ರೂಪಾಯಿ ಪಾವತಿಯ ಒಪ್ಪಂದದಡಿಯಲ್ಲಿ ಸೋವಿಯತ್ ಒಕ್ಕೂಟವು ಭಾರತೀಯ ಕಾಫಿಯ ಬಹುದೊಡ್ಡ ಖರೀದಿದಾರ ದೇಶವಾಗಿತ್ತು. ಈ ಬೆಟ್ಟಗಳ ಬೀಜ ಅತ್ತ ಹೋಗುತ್ತಿದ್ದ ಕಾಲದಲ್ಲಿಯೇ ಅಲ್ಲಿ ಅಚ್ಚಾದ ಕನ್ನಡ ಇತ್ತ ಬರುತ್ತಿತ್ತು. ಎರಡರ ಹಿಂದೆಯೂ ಇದ್ದುದು ಒಂದೇ ರಾಜಕೀಯ ಸ್ನೇಹ. 1991ರಲ್ಲಿ ಒಕ್ಕೂಟ ಕುಸಿದಾಗ ಕಾಫಿಯ ಆ ಮಾರುಕಟ್ಟೆ ತತ್ತರಿಸಿತು. ಕಾಫಿ ಮಂಡಳಿಯ ಪೂಲಿಂಗ್ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರ ವೇಳೆಗೆ ಪೂರ್ಣವಾಗಿ ಕೊನೆಗೊಂಡಿತು. ಮಾಸ್ಕೋದ ಕನ್ನಡ ಪುಸ್ತಕಗಳೂ ಅದೇ ಹೊತ್ತಿಗೆ ನಿಂತವು. ಕಾಫಿಯ ಬೆಲೆಯ ಏರಿಳಿತದ ಲೆಕ್ಕವನ್ನು ಬೆಳೆಗಾರರು ಬಲ್ಲರು. ನಿಂತುಹೋದ ಪುಸ್ತಕಗಳ ಲೆಕ್ಕವನ್ನು ಇಡಬೇಕಾದವರು ಕನ್ನಡದ ಅಧ್ಯಾಪಕರು.

ಈ ಲೆಕ್ಕ ತಾನಾಗಿ ಸಿಗುವಂಥದಲ್ಲ ಎಂಬುದಕ್ಕೆ ಕಾನೂನಿನ ಕಾರಣವೂ ಇದೆ. ಭಾರತದಲ್ಲಿ ಪ್ರಕಟವಾದ ಪುಸ್ತಕದ ಪ್ರತಿಗಳನ್ನು ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದವುಗಳಿಗೆ ಒಪ್ಪಿಸಬೇಕೆಂದು 1954ರ ಅಧಿನಿಯಮ ವಿಧಿಸುತ್ತದೆ. 2023ರ ಹೊಸ ಕಾನೂನು ಬರುವವರೆಗೆ ಇದ್ದ 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಅಧಿನಿಯಮವೂ ಇಲ್ಲಿ ಅಚ್ಚಾದವುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮಾಸ್ಕೋದಲ್ಲಿ ಅಚ್ಚಾಗಿ ಅಲ್ಲಿಂದಲೇ ಪ್ರಕಟವಾದ ಕನ್ನಡ ಪುಸ್ತಕಕ್ಕೆ ಈ ಕಡ್ಡಾಯವಿರಲಿಲ್ಲ. ಹಾಗಾಗಿ ಇವುಗಳ ನಿಜವಾದ ಭಂಡಾರಗಳೆಂದರೆ ಓದುಗರ ಮನೆಗಳು.

ಮಲೆನಾಡಿನ ಮನೆಯಲ್ಲಿ ಕಾಗದ ಬಾಳುವುದು ಕಷ್ಟ. ಗಾಳಿಯ ತೇವಾಂಶ ಶೇಕಡಾ 65ನ್ನು ದಾಟಿ ಹಾಗೆಯೇ ನಿಂತರೆ ಕಾಗದದ ಮೇಲೆ ಶಿಲೀಂಧ್ರ ಬೆಳೆಯತೊಡಗುತ್ತದೆ. ಇಲ್ಲಿನ ಮಳೆಗಾಲದಲ್ಲಿ ಈ ಮಿತಿ ತಿಂಗಳುಗಟ್ಟಲೆ ಮೀರಿರುತ್ತದೆ. ಚಿತ್ರಗಳಿಗೆಂದು ಬಳಸಿದ ನುಣುಪು ಕಾಗದ ನೆನೆದರೆ ಹಾಳೆಗಳು ಒಂದಕ್ಕೊಂದು ಅಂಟಿ, ಬಿಡಿಸಿದಾಗ ಚಿತ್ರವೇ ಕಿತ್ತುಬರುತ್ತದೆ. ಇದರ ಮೇಲೆ ಗೆದ್ದಲು. ಇದಾವುದೂ ಆಗದಿದ್ದರೆ, ಮಕ್ಕಳು ನಗರ ಸೇರಿದ ಮೇಲೆ ಹಳೆಯ ಮನೆ ತೆರವಾಗುವ ದಿನ ಬರುವ ರದ್ದಿಯ ಗಾಡಿ.

ಇವು ಪ್ರಚಾರ ಸಾಹಿತ್ಯ. ಇವಕ್ಕೇಕೆ ಈ ಶ್ರಮ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಪ್ರಭುತ್ವವೊಂದು ತನ್ನ ಮುಖವನ್ನು ಲೋಕಕ್ಕೆ ತೋರಿಸಲು ಬಳಸಿದ ಕನ್ನಡಿಗಳಲ್ಲಿ ಇವೂ ಒಂದು. ಆದರೆ ಮಿಶನರಿಗಳ ಪ್ರಕಟಣೆಗಳ ಉದ್ದೇಶವೂ ಧರ್ಮಪ್ರಸಾರವೇ ಆಗಿತ್ತು; ಕನ್ನಡ ಸಂಶೋಧನೆ ಅವನ್ನು ಆ ಕಾರಣಕ್ಕೆ ಬಿಟ್ಟುಬಿಡಲಿಲ್ಲ. ಮೇಲಾಗಿ, ಕಾಫಿ ಸೀಮೆಯ ಓದುಗ ಒಂದೇ ರಷ್ಯಾವನ್ನು ಓದಿದವನಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ‘ಮಹಾಪಲಾಯನ’ದ ಮೂಲಕ ಸೈಬೀರಿಯದ ಸೆರೆಶಿಬಿರದಿಂದ ಪಾರಾದವರ ಕಥನವನ್ನೂ ಕನ್ನಡಕ್ಕೆ ತಂದರು. ಆ ಕಥನದ ಸತ್ಯಾಸತ್ಯತೆಯ ಬಗೆಗೂ ಮುಂದೆ ಸಂಶಯಗಳೆದ್ದವು. ಒಂದೇ ಕಪಾಟಿನಲ್ಲಿ ಕೂಡಬಹುದಾದ ಈ ಎರಡು ರಷ್ಯಾಗಳನ್ನು ಒಟ್ಟಿಗೆ ಓದಬೇಕಾದರೆ ಎರಡೂ ಉಳಿದಿರಬೇಕು.

ಹಾಗೆಂದು ಬರಿಯ ಮೋಹದ ಸಂಗ್ರಹದಿಂದ ಪ್ರಯೋಜನವಿಲ್ಲ. ಬಾಲ್ಯದ ನೆನಪಿಗಾಗಿ ಪುಸ್ತಕವನ್ನು ಹುಡುಕುವ ಸಂಗ್ರಾಹಕನಿಗೆ ಹೊದಿಕೆ ಚೆನ್ನಾಗಿದ್ದರೆ ಸಾಕು. ಸಂಶೋಧಕನಿಗೆ ಬೇಕಾದುದು ಬೇರೆ: ಅನುವಾದಕರು ಯಾರು, ಅನುವಾದ ರಷ್ಯನ್ನಿನಿಂದ ನೇರವಾಗಿ ಬಂದುದೋ ಇಂಗ್ಲಿಷಿನ ಮೂಲಕವೋ, ಚಿತ್ರಕಾರರು ಯಾರು, ಅಕ್ಷರದ ಅಚ್ಚು ಯಾವುದು, ಬೆಲೆ ಎಷ್ಟು, ಯಾರಿಗೆ ಬಹುಮಾನವಾಗಿ ಬಂದುದು. ದೇ. ಜವರೇಗೌಡರು ಮೈಸೂರಿನಲ್ಲಿದ್ದು ಟಾಲ್‌ಸ್ಟಾಯ್ ಅವರನ್ನು ಕನ್ನಡಿಸಿದ ಪ್ರಯತ್ನಕ್ಕೂ ಮಾಸ್ಕೋದ ಕನ್ನಡಕ್ಕೂ ಇರುವ ಭಾಷಿಕ ಅಂತರ ಪರಿಶೀಲನೆಗೆ ಯೋಗ್ಯವಾದುದು. ಇವಾನ್ ಬಿಲಿಬಿನ್, ಯೆವ್ಗೆನಿ ರಾಚೆವ್, 1976ರ ಆಂಡರ್ಸನ್ ಪ್ರಶಸ್ತಿ ಪಡೆದ ತತ್ಯಾನ ಮಾವ್ರಿನ ಅವರಂಥವರು ಕಟ್ಟಿದ ಚಿತ್ರಪರಂಪರೆಯಲ್ಲಿ ಯಾವುದು ಕನ್ನಡದ ಮಕ್ಕಳ ಕಣ್ಣಿಗೆ ಬಿದ್ದಿತು ಎಂಬುದನ್ನೂ ಪುಸ್ತಕಗಳನ್ನು ನೋಡಿಯೇ ಹೇಳಬೇಕು.

ಆಗಬೇಕಾದ ಕೆಲಸ ದೊಡ್ಡ ಅನುದಾನವನ್ನು ಬೇಡುವುದಿಲ್ಲ. ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳ ಕನ್ನಡ ವಿಭಾಗಗಳು ತಮ್ಮ ತಮ್ಮ ತಾಲ್ಲೂಕಿನ ಮನೆ, ಶಾಲೆ, ಕಾರ್ಮಿಕ ಸಂಘಗಳ ಕಪಾಟುಗಳನ್ನು ಒಂದು ಬೇಸಗೆಯಲ್ಲಿ ನೋಡಿ ಪಟ್ಟಿ ಮಾಡಬಹುದು. ಪುಸ್ತಕ ಮಾಲೀಕರಲ್ಲಿಯೇ ಇರಲಿ. ವಿವರ ವಿಶ್ವವಿದ್ಯಾಲಯಕ್ಕೆ ಬರಲಿ. ಸ್ಕ್ಯಾನ್ ಮಾಡಿ ಹಂಚುವ ಮುನ್ನ ಲೇಖಕ, ಅನುವಾದಕ, ಚಿತ್ರಕಾರ ಈ ಮೂವರ ಹಕ್ಕುಗಳೂ ಬೇರೆಬೇರೆ ಎಂಬ ಎಚ್ಚರವಿರಲಿ. ವಿವರಸೂಚಿ ತಯಾರಿಸಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ಆ ಪುಸ್ತಕಗಳನ್ನು ಹೊಸದಾಗಿ ಕೊಂಡು ಓದಿದ ತಲೆಮಾರು ಈಗ ಮುಪ್ಪಿನಲ್ಲಿದೆ. ಪುಸ್ತಕ ಎಲ್ಲಿಂದ ಬಂತೆಂದು ಹೇಳಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.