ಕಾಯ ಹಳೆಯದು, ಕಡಿವಾಣ ಹೊಸದು

ಮೈಸೂರಿನಿಂದ ಚಾಮರಾಜನಗರಕ್ಕೆ ಹೊರಟ ರೈಲು ನಂಜನಗೂಡು, ಕವಲಂದೆಗಳನ್ನು ಹಿಂದೆ ಬಿಟ್ಟು ಸಾಗಿದಾಗ ಬದನಗುಪ್ಪೆಯ ನಿಲ್ದಾಣ ಸಿಗುತ್ತದೆ. ಊರಿನ ಸುತ್ತ ಹೊಲ ತೋಟಗಳು. ಕೆಲ್ಲಂಬಳ್ಳಿಯನ್ನೂ ಸೇರಿಸಿಕೊಂಡು ಹಬ್ಬಿರುವ ಕೈಗಾರಿಕಾ ಪ್ರದೇಶವೂ ಅಲ್ಲಿಯೇ. ತೋಟದ ಕೊಳವೆ ಬಾವಿಯ ಮೋಟಾರಿಗೂ ಕಾರ್ಖಾನೆಯ ಮೋಟಾರಿಗೂ ಗಾತ್ರ, ಬೆಲೆ, ಠೀವಿ ಯಾವುದರಲ್ಲಿಯೂ ಹೋಲಿಕೆಯಿಲ್ಲ. ಆದರೆ ಎರಡಕ್ಕೂ ಬರುವ ವಿದ್ಯುತ್ತಿನ ತಾಳ ಒಂದೇ: ಸೆಕೆಂಡಿಗೆ 50 ಆವರ್ತ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಬೆಸೆದುಕೊಂಡ ಮೇಲಂತೂ ಈ ತಾಳ ಇಡೀ ದೇಶಕ್ಕೆ ಒಂದೇ ಆಗಿದೆ. ಬದನಗುಪ್ಪೆಯ ರೈತನೊಬ್ಬ ಗುಂಡಿಯೊತ್ತಿ ಪಂಪನ್ನು ಓಡಿಸಿದ ಕ್ಷಣದಲ್ಲಿ ಎಲ್ಲೋ ದೂರದಲ್ಲಿ ತಿರುಗುತ್ತಿರುವ ಯಂತ್ರಗಳ ಹೆಗಲ ಮೇಲೆ ಕೂದಲೆಳೆಯಷ್ಟು ಭಾರ ಹೆಚ್ಚುತ್ತದೆ. ಭಾರ ಹೆಚ್ಚಿದಾಗ ಯಂತ್ರ ಕುಗ್ಗದಂತೆ, ಇಳಿದಾಗ ಹುಚ್ಚೆದ್ದು ಓಡದಂತೆ ಹಿಡಿದಿಡಲು ಕಡಿವಾಣವೊಂದು ಬೇಕು.

ಈ ಕಡಿವಾಣದ ವಂಶಾವಳಿ ಹಳೆಯದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಎರಡು ಕಬ್ಬಿಣದ ಗುಂಡುಗಳನ್ನು ಅಳವಡಿಸಿದನು. ಯಂತ್ರದ ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಾಚಿ ಉಗಿಯ ದಾರಿಯನ್ನು ಕಿರಿದುಮಾಡುತ್ತಿದ್ದವು. ವೇಗ ತಗ್ಗಿದರೆ ಒಳಕ್ಕೆ ಕುಸಿದು ದಾರಿ ಬಿಡುತ್ತಿದ್ದವು. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದನ್ನು ಈ ಸೀಮೆಯ ಜನ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವರು. ನೀರಿನ ಟರ್ಬೈನಿಗೂ ಗವರ್ನರ್ ಬೇಕು. ಆದರೆ ನೀರು ಸಾಧು ಪ್ರಾಣಿ. ಅದು ಯಂತ್ರವನ್ನು ಸುಡುವುದಿಲ್ಲ. ಅನಿಲ ಟರ್ಬೈನಿನ ಮಾತೇ ಬೇರೆ.

ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಪಟ್ಟಣಕ್ಕಾಗಿ ಬ್ರೌನ್ ಬೊವೆರಿ ಸಂಸ್ಥೆ 1939ರಲ್ಲಿ ಕಟ್ಟಿದ ಯಂತ್ರವೇ ಸಾರ್ವಜನಿಕ ವಿದ್ಯುತ್ ಪೂರೈಕೆಗೆ ಬಂದ ಮೊದಲ ಅನಿಲ ಟರ್ಬೈನು. ಅದರ ಲೆಕ್ಕವನ್ನು ನೋಡಿದರೆ ವಾಚಕರಿಗೆ ಸೋಜಿಗವಾದೀತು. ಟರ್ಬೈನು ಹುಟ್ಟಿಸುತ್ತಿದ್ದ ಶಕ್ತಿ 15,400 ಕಿಲೋವಾಟು. ಅದರಲ್ಲಿ 11,400 ಕಿಲೋವಾಟನ್ನು ತನಗೆ ಬೇಕಾದ ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರೇ ನುಂಗುತ್ತಿತ್ತು. ಊರಿಗೆ ಉಳಿಯುತ್ತಿದ್ದುದು 4,000. ದುಡಿದುದರಲ್ಲಿ ಮುಕ್ಕಾಲು ಪಾಲನ್ನು ತಾನೇ ತಿನ್ನುವ ಈ ಆಳನ್ನು ಆ ಪಟ್ಟಣದವರು 2002ರವರೆಗೆ, ಎಂದರೆ 60 ವರ್ಷಕ್ಕೂ ಮೇಲ್ಪಟ್ಟು ಇಟ್ಟುಕೊಂಡಿದ್ದರು. ಉಕ್ಕಿನ ಕಾಯ ಅಷ್ಟು ಗಟ್ಟಿ.

ಇಂದಿನ ಸಂತತಿ ಎಷ್ಟು ಬೆಳೆದಿದೆಯೆಂಬುದಕ್ಕೆ ಬೆಂಗಳೂರಿನ ಪಕ್ಕದ ಯಲಹಂಕವೇ ಸಾಕ್ಷಿ. ಹಿಂದೆ ಡೀಸೆಲ್ ಸ್ಥಾವರವಿದ್ದ ಎಡೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿಸಿದ 370 ಮೆಗಾವಾಟಿನ ಅನಿಲ ಸ್ಥಾವರ 2024ರಲ್ಲಿ ಉದ್ಘಾಟನೆಯಾಯಿತು. ಅದರಲ್ಲಿ ಸುಮಾರು 236 ಮೆಗಾವಾಟು ಅನಿಲ ಟರ್ಬೈನಿನದು. ಉಳಿದುದು, ಅದು ಹೊರಬಿಟ್ಟ ಬಿಸಿ ಹೊಗೆಯಿಂದಲೇ ನೀರು ಕಾಯಿಸಿ ತಿರುಗಿಸುವ ಉಗಿ ಟರ್ಬೈನಿನದು. ಈ ಜಾತಿಯ ದೊಡ್ಡ ಯಂತ್ರಗಳು ನಿಮಿಷಕ್ಕೆ 3,000 ಸುತ್ತು ತಿರುಗುತ್ತವೆ. ಒಳಗಿನ ಅನಿಲದ ಉಷ್ಣಮಾನ 1,300 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಅಲಗುಗಳ ಒಡಲಿನಲ್ಲಿಯೇ ಸಣ್ಣ ರಂಧ್ರಗಳನ್ನು ಕೊರೆದು ಗಾಳಿಯಾಡಿಸದಿದ್ದರೆ ಆ ಲೋಹ ಬಾಳುವುದಿಲ್ಲ. ಅಷ್ಟು ಬಿಸಿಯಾದ ಎಡೆಯಲ್ಲಿ ಉಷ್ಣಮಾಪಕವನ್ನು ಇಡುವಂತೆಯೂ ಇಲ್ಲ. ಆದುದರಿಂದ ಹೊಗೆ ಹೊರಬೀಳುವ ಬಾಯಿಯ ಸುತ್ತ ಥರ್ಮೊಕಪಲ್‌ಗಳನ್ನು ಬಳೆಯಂತೆ ಜೋಡಿಸಿ, ಅಲ್ಲಿಯ 600 ಡಿಗ್ರಿ ಸುಮಾರಿನ ಬಿಸಿಯನ್ನೂ ಕಂಪ್ರೆಸರಿನ ಒತ್ತಡವನ್ನೂ ಹಿಡಿದು, ಒಳಗೆ ಎಷ್ಟಿರಬಹುದೆಂದು ಲೆಕ್ಕ ಕಟ್ಟುತ್ತಾರೆ. ನಾಡಿ ಹಿಡಿದು ಒಡಲಿನ ಜ್ವರವನ್ನು ಹೇಳುವ ವೈದ್ಯನ ಕೆಲಸವಿದು. ಲೆಕ್ಕ ಕೊಂಚ ತಪ್ಪಿದರೂ ಅಲಗುಗಳ ಆಯುಸ್ಸು ಕರಗುತ್ತದೆ.

ಹೀಗಾಗಿ ಇಂಧನದ ಕವಾಟಕ್ಕೆ ಅಪ್ಪಣೆ ಕೊಡುವವರು ಹಲವರು. ವೇಗದ ಲೆಕ್ಕ ಒಂದು ಅಳತೆ ಹೇಳುತ್ತದೆ. ಉಷ್ಣದ ಲೆಕ್ಕ ಇನ್ನೊಂದು. ಹೊರಡುವ ಹೊತ್ತಿನಲ್ಲಿ ಆತುರಪಡಬಾರದೆಂದು ಮೂರನೆಯದು ಮತ್ತೊಂದು. ಕೂಡುಕುಟುಂಬದ ಹಿರಿಯ ಯಜಮಾನಿತಿ ಮೂವರ ಮಾತನ್ನೂ ಕೇಳಿ, ಎಲ್ಲರಿಗಿಂತ ಕಡಿಮೆ ಹೇಳಿದವರ ಮಾತಿನಂತೆಯೇ ತುಪ್ಪ ಬಡಿಸುವ ಹಾಗೆ, ಕಡಿವಾಣವು ಇವುಗಳಲ್ಲಿ ಅತ್ಯಂತ ಕಿರಿಯ ಅಳತೆಯನ್ನೇ ಆರಿಸುತ್ತದೆ. ಜಿಪುಣತನಕ್ಕೂ ಮಿತಿಯುಂಟು. ಜಾಲದ ಸಂಪರ್ಕ ಹಠಾತ್ತಾಗಿ ಕಡಿದುಹೋದರೆ ಕಣ್ಣೆವೆಯಿಕ್ಕುವಷ್ಟರಲ್ಲಿ ಇಂಧನವನ್ನು ತಗ್ಗಿಸಬೇಕು. ತೀರ ತಗ್ಗಿಸಿದರೆ ಜ್ವಾಲೆಯೇ ನಂದಿಹೋಗುವುದು.

ಮೊದಮೊದಲು ಈ ಕೆಲಸವನ್ನು ಎಣ್ಣೆ, ಸ್ಪ್ರಿಂಗು, ಸನ್ನೆಗಳು ಮಾಡುತ್ತಿದ್ದವು. 1960ರ ದಶಕದ ಕೊನೆಗೆ ವಿದ್ಯುನ್ಮಾನ ಹಲಗೆಗಳು ಬಂದವು. 1980ರ ದಶಕದಲ್ಲಿ ಗಣಕಗಳು. ತೊಂದರೆ ಹುಟ್ಟಿದುದೂ ಅಲ್ಲಿಂದಲೇ. ಎಣ್ಣೆಯ ಕಡಿವಾಣ ಕೆಟ್ಟರೆ ಊರಿನ ಲೇತಿನ ಅಂಗಡಿಯಲ್ಲಿ ಬಿಡಿಭಾಗವನ್ನು ಕಡೆಸಬಹುದಾಗಿತ್ತು. ಗಣಕದ ಹಲಗೆ ಕೆಟ್ಟಾಗ ಅದನ್ನು ಮಾಡಿದವರೇ ಆ ಮಾದರಿಯನ್ನು ಕೈಬಿಟ್ಟಿರುತ್ತಾರೆ. ಕಾಯ ಇನ್ನೂ ನಡುಹರೆಯದಲ್ಲಿದೆ, ಮಿದುಳಿಗೆ ಮುಪ್ಪು ಬಂದಿದೆ. ಆಗ ಯಂತ್ರವನ್ನು ಉಳಿಸಿಕೊಂಡು ನಿಯಂತ್ರಣವನ್ನು ಮಾತ್ರ ಬದಲಾಯಿಸುವ ಕೆಲಸ ಮೊದಲಾಗುತ್ತದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ವಿಭಾಗವು ಟರ್ಬೈನುಗಳ ನಿಯಂತ್ರಣ ಸಲಕರಣೆಗಳನ್ನು ತಯಾರಿಸುವುದರಿಂದ ಈ ವಿದ್ಯೆ ಕನ್ನಡ ನಾಡಿಗೆ ಪರದೇಶದ್ದೇನಲ್ಲ.

ಹಳೆಯ ಪೆಟ್ಟಿಗೆ ತೆಗೆದು ಹೊಸದನ್ನು ಇಡುವುದು ಕೆಲವು ದಿನಗಳ ಮಾತು. ಕಷ್ಟವಿರುವುದು ತಂತಿಗಳಲ್ಲಿ. ನೂರಾರು ತಂತಿಗಳಲ್ಲಿ ಪ್ರತಿಯೊಂದೂ ಎಲ್ಲಿಂದ ಹೊರಟು ಎಲ್ಲಿಗೆ ಹೋಗುವುದೆಂದು ನಕ್ಷೆ ಹೇಳುತ್ತದೆ; ಆದರೆ ಇಪ್ಪತ್ತು ವರ್ಷಗಳಲ್ಲಿ ಯಾರೋ ಒಂದು ರಾತ್ರಿ ಪಾಳಿಯಲ್ಲಿ ಅವಸರಕ್ಕೆಂದು ಬದಲಿಸಿದ ಸಂಪರ್ಕ ನಕ್ಷೆಗೆ ಏರಿರುವುದಿಲ್ಲ. ಎಣಿಕೆಗಳ ಗತಿಯೂ ಅಷ್ಟೇ. ಮೂಲ ಕಡತದಲ್ಲಿ ಒಂದು ಅಂಕಿ. ಯಂತ್ರದ ಜಾಯಮಾನವನ್ನು ಬಲ್ಲ ಹಿರಿಯ ನಿರ್ವಾಹಕ ಪೆನ್ಸಿಲಿನಿಂದ ತಿದ್ದಿದ ಇನ್ನೊಂದು ಅಂಕಿ. ಅವನು ನಿವೃತ್ತನಾಗಿ ಊರು ಸೇರಿದ ಮೇಲೆ ಆ ಪೆನ್ಸಿಲಿನ ಗುರುತಿಗೆ ಅರ್ಥ ಹೇಳುವವರಾರು? ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಕರೆಸಬೇಕಾದುದು ಅವನನ್ನು. ಬಹುಮಟ್ಟಿಗೆ ಕೊನೆಗೆ ನೆನಪಾಗುವವನೂ ಅವನೇ.

ಹೊಸ ಕಡಿವಾಣದಲ್ಲಿ ಸಾಮಾನ್ಯವಾಗಿ ಮೂರು ಗಣಕಗಳು ಒಂದೇ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡುತ್ತವೆ. ಎರಡರ ಮಾತು ಕೂಡಿದರೆ ಮೂರನೆಯದನ್ನು ಬದಿಗೆ ಸರಿಸಲಾಗುತ್ತದೆ. ಪಂಚಾಯಿತಿಯ ಕ್ರಮ. ಆದರೆ ವೇಗ ಮಿತಿಮೀರಿದರೆ, ರೂಢಿಯಲ್ಲಿ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ, ಇಂಧನವನ್ನು ಕಡಿದುಹಾಕುವ ಅಧಿಕಾರವನ್ನು ಈ ಪಂಚಾಯಿತಿಯ ಕೈಗೆ ಮಾತ್ರ ಬಿಡಲಾಗದು. ಅದಕ್ಕೆ ಪ್ರತ್ಯೇಕ ಕಾವಲುಗಾರ ಬೇಕು. ಇದು ಅತಿಯೆಚ್ಚರವೆಂದು ಬಗೆಯುವವರು 2011ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದ ದುವಾ ವಿದ್ಯುದಾಗಾರದಲ್ಲಿ ನಡೆದುದನ್ನು ನೆನೆಯಬೇಕು. ಅಲ್ಲಿ ನಾಲ್ಕನೆಯ ಘಟಕದ ಉಗಿ ಟರ್ಬೈನು ಮಿತಿಮೀರಿ ಓಡಿ ನುಚ್ಚುನೂರಾದುದು, ಮಿತಿಮೀರಿದ ವೇಗವನ್ನು ತಡೆಯುವ ರಕ್ಷಣೆಯನ್ನು ಪರೀಕ್ಷಿಸುತ್ತಿದ್ದಾಗಲೇ!

ಈಗ ಕಾವಲುಗಾರನಿಗೂ ಕನ್ನದ ಭಯ ಬಂದಿದೆ. 2017ರಲ್ಲಿ ಸೌದಿ ಅರೇಬಿಯದ ಪೆಟ್ರೋರಾಸಾಯನಿಕ ಕಾರ್ಖಾನೆಯೊಂದರ ಸುರಕ್ಷಾ ಗಣಕಗಳೊಳಕ್ಕೇ ದುಷ್ಟ ಲಿಪಿಯನ್ನು ನುಗ್ಗಿಸಿದ್ದರು. ಆ ಪೆಟ್ಟಿಗೆಯ ಮೇಲೆ ಒಂದು ಬೀಗದ ಕೈ ಇರುತ್ತದೆ. ಸೂಚನೆಗಳನ್ನು ತಿದ್ದುವಾಗ ಮಾತ್ರ ತಿರುಗಿಸಿ, ಕೆಲಸ ಮುಗಿದೊಡನೆ ಹಿಂದಕ್ಕೆ ತಿರುಗಿಸಬೇಕಾದ ಕೈ. ಅಲ್ಲಿ ಅದನ್ನು ತಿದ್ದುವ ಸ್ಥಾನದಲ್ಲಿಯೇ ಬಿಟ್ಟಿದ್ದರು. ಕೋಟಿಗಟ್ಟಲೆ ಬೆಲೆಯ ವ್ಯವಸ್ಥೆ, ಒಂದು ಬೀಗದ ಕೈಯ ಮರೆವು!

ಎಲ್ಲವೂ ಸರಿಯಾಗಿ ನಡೆದ ಕಡೆ, ಮೊದಲು ಇಂಧನವಿಲ್ಲದೆ ಯಂತ್ರವನ್ನು ತಿರುಗಿಸಿ ನೋಡುತ್ತಾರೆ. ಆ ಮೇಲೆ ಜ್ವಾಲೆ ಹೊತ್ತಿಸಿ, ಭಾರವಿಲ್ಲದೆ ಪೂರ್ಣ ವೇಗಕ್ಕೆ ತಂದು, ಕೈಯಾರೆ ನಿಲ್ಲಿಸಿ, ಮತ್ತೆ ಹೊರಡಿಸುತ್ತಾರೆ. ಪರದೆಯ ಮೇಲೆ ಅಂಕಿಗಳು ನೂರು ಮೂಡುತ್ತಿದ್ದರೂ ಪಾಳಿಯ ಹಿರಿಯರು ಬಾಗಿಲ ಬಳಿ ನಿಂತು ಸದ್ದನ್ನು ಆಲಿಸುವುದನ್ನು ಬಿಡುವುದಿಲ್ಲ. ಜಾಲದೊಡನೆ ತಾಳ ಕೂಡಿದ ಮೇಲೆ ಕೀಲಿ ಬೀಳುತ್ತದೆ. ಬದನಗುಪ್ಪೆಯ ತೋಟದಲ್ಲಿ ಪಂಪು ಓಡುತ್ತಲೇ ಇರುತ್ತದೆ. ಅಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಬಿಚ್ಚಿದ ಹಳೆಯ ಹಲಗೆಗಳನ್ನು ಜಾಣರು ಗುಜರಿಗೆ ಹಾಕದೆ ಬಟ್ಟೆಯಲ್ಲಿ ಸುತ್ತಿ ಉಗ್ರಾಣದಲ್ಲಿಡುತ್ತಾರೆ. ಅದೇ ಮಾದರಿಯ ಕಡಿವಾಣವನ್ನು ಇನ್ನೂ ಬದಲಿಸದ ನೆರೆಯ ಕಾರ್ಖಾನೆಯಿಂದ ಯಾರಾದರೂ ಕೇಳಿಕೊಂಡು ಬಂದೇ ಬರುತ್ತಾರೆ.