ಹೇಳಿದ್ದು ಕೇಳೋ ಹುಡುಗಿ

ಟೀ ಬ್ರೇಕಲ್ಲಿ ನನ್ನ ಕೈಲಿದ್ದ ಪುಸ್ತಕ ನೋಡಿ ಟೀಮಿನ ಗೆಳೆಯ ನಕ್ಕ. "ಏನ್ ಗುರೂ, ರಾಜಕುಮಾರ, ಯಕ್ಷಿಣಿ, ಲವ್ವು! ಇದನ್ನ ಓದೋ ವಯಸ್ಸಾ?"

ಪುಸ್ತಕ ಗೇಲ್ ಕಾರ್ಸನ್ ಲೆವೀನ್ 1997ರಲ್ಲಿ ಬರೆದ 'ಎಲಾ ಎನ್‌ಚಾಂಟೆಡ್'. ಹಸುಗೂಸು ಅಳು ನಿಲ್ಲಿಸಲಿಲ್ಲ ಅಂತ ಲೂಸಿಂಡಾ ಎಂಬ ಯಕ್ಷಿಣಿ ಎಲಾಗೆ ಒಂದು 'ವರ' ಕೊಡ್ತಾಳೆ: ಯಾರು ಏನು ಅಪ್ಪಣೆ ಮಾಡಿದರೂ ಪಾಲಿಸಲೇಬೇಕು. ನಮ್ಮ ಭಾಷೇಲಿ ಹೇಳೋದಾದರೆ, ಪರ್ಮಿಷನ್ ಚೆಕ್ಕೇ ಇಲ್ಲದ ಸರ್ವರ್. ಯಾರು ಕಮಾಂಡ್ ಕೊಟ್ಟರೂ ರನ್ ಆಗುತ್ತೆ. ಸರ್ವರಲ್ಲಿದ್ದರೆ ಇದನ್ನ ಬಗ್ ಅಂತೀವಿ. ಹುಡುಗೀಲಿದ್ದರೆ ಸಂಸ್ಕಾರ ಅಂತೀವಿ.

ನಮ್ಮಕ್ಕ ಹತ್ತನೇ ಕ್ಲಾಸಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದಿದ್ದಳು. ಅಪ್ಪ "ಓದಿದ್ದು ಸಾಕು" ಅಂದರು, ಅವಳು ಹೂಂ ಅಂದಳು. ನೋಡೋಕೆ ಬಂದವರೆದುರು ಅಮ್ಮ ಹೆಮ್ಮೆಯಿಂದ ಹೇಳಿದ್ದು ಒಂದೇ ಮಾತು: "ಹೇಳಿದ್ದು ಕೇಳ್ತಾಳೆ, ಎದುರು ಮಾತಾಡಲ್ಲ." ನನ್ನ ಬಿಇ ಫೀಸು ಹುಟ್ಟಿದ್ದು ಆ ಹೂಂನಿಂದ. ಅದಕ್ಕೇ ಈ ಪುಸ್ತಕ ನನಗೆ ಬರೀ ಟೈಂಪಾಸ್ ಅಲ್ಲ.

ಎಲಾ ಸುಮ್ಮನಿರೋಳಲ್ಲ. ಬಾದಾಮಿ ತಾ ಅಂದರೆ ಎರಡೇ ಎರಡು ತರ್ತಾಳೆ. ಅಪ್ಪಣೆಯೂ ಪಾಲನೆ, ಹಟವೂ ಜೀವಂತ! ನಗು ಬರುತ್ತೆ ನಿಜ. ಆದರೆ ಕೈಕಾಲು ಕಟ್ಟಿಹಾಕಿದವಳಿಗೆ ಅಷ್ಟೇ ಜಾಗ ಉಳಿದಿರುತ್ತೆ.

"ಮಧ್ಯಯುಗದಲ್ಲಿ ಇಂಥ ಹುಡುಗೀರು ಎಲ್ಲಿದ್ರು?" ಅಂತ ಕೇಳೋರಿದ್ದಾರೆ. ಸ್ವಾಮೀ, ಮನುಷ್ಯರನ್ನ ತಿನ್ನೋ ರಾಕ್ಷಸರನ್ನ ಒಪ್ಕೋತೀರಿ, ಎದುರು ಮಾತಾಡೋ ಹುಡುಗೀನ ಒಪ್ಪಲ್ವಾ? ಫ್ರಾನ್ಸಿನ ಕ್ರಿಸ್ಟೀನ್ ದ ಪಿಜಾನ್ ಇಪ್ಪತ್ತೈದರ ಆಸುಪಾಸಲ್ಲಿ ವಿಧವೆಯಾಗಿ, ಬರೆದೇ ಸಂಸಾರ ಸಾಕಿದಳು. ಹೆಂಗಸರನ್ನ ಹೀಗಳೆದ ಪಂಡಿತರಿಗೆ 1405ರಲ್ಲೇ ಒಂದಿಡೀ ಪುಸ್ತಕದ ಉತ್ತರ ಕೊಟ್ಟಳು. ಇದ್ದರು, ನಾವು ಓದಲಿಲ್ಲ ಅಷ್ಟೆ.

ಕೊನೆಗೆ ರಾಜಕುಮಾರನೇ "ನನ್ನ ಮದುವೆಯಾಗು" ಅಂತಾನೆ. ಎಲಾಗೆ ಅವನ ಮೇಲೆ ಪ್ರಾಣ. ಆದರೆ ನಾಳೆ ಯಾರಾದರೂ "ಅವನನ್ನ ಕೊಲ್ಲು" ಅಂದರೆ ಕೊಲ್ಲಬೇಕಾಗುತ್ತೆ. ಮೈಯೆಲ್ಲಾ ಹೂಂ ಅನ್ನುತ್ತಿದ್ದರೂ ಇಲ್ಲ ಅಂತಾಳೆ. ಶಾಪ ಒಡೆಯುತ್ತೆ. ಆಮೇಲೆ ಅವನನ್ನ ತಾನೇ ಕೇಳಿ ಮದುವೆಯಾಗ್ತಾಳೆ. ಇಲ್ಲ ಅನ್ನೋಕೆ ಬಾರದವಳ ಹೂಂಗೆ ಬೆಲೆ ಏನಿದೆ?

ಅಕ್ಕನ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಮೊನ್ನೆ ಭಾವ ಫೋನ್ ಮಾಡಿ, "ಬಹಳ ಎದುರುತ್ತರ ಕೊಡ್ತಾಳೆ ಕಣಯ್ಯಾ, ಸ್ವಲ್ಪ ಬುದ್ಧಿ ಹೇಳು" ಅಂದರು.

ಹೇಳ್ತಾ ಇದ್ದೀನಿ ಭಾವ. ಪ್ರತಿ ಭಾನುವಾರ ಫೋನಲ್ಲಿ, ಒಂದೊಂದೇ ಅಧ್ಯಾಯ, ಕನ್ನಡದಲ್ಲಿ.